ರಕ್ತದಲ್ಲಿ ತಾಮ್ರ ಹುಡುಕಿದವರು

ಸ್ವೀಡನ್ನಿನ ಜೀವರಸಾಯನ ವಿಜ್ಞಾನಿ ಸ್ಟಿಗ್ ಆಕರ್‌ಫೆಲ್ಟ್ 1957ರ ಆರಂಭದಲ್ಲಿ ಅಮೆರಿಕದ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಪ್ರಕಟಿಸಿದರು. ಒಂದು ರಾಸಾಯನಿಕಕ್ಕೆ ರೋಗಿಯ ರಕ್ತದ ಸೀರಮ್ ಬೆರೆಸಿದರೆ ಅದು ಬಣ್ಣಕ್ಕೆ ತಿರುಗುತ್ತದೆ. ಸ್ಕಿಜೋಫ್ರೇನಿಯಾ ಇರುವವರ ಸೀರಮ್ ಈ ಕೆಲಸವನ್ನು ಉಳಿದವರ ಸೀರಮ್‌ಗಿಂತ ಬೇಗ ಮಾಡುತ್ತದೆ ಎಂಬುದು ಅದರ ಸಾರ. ಬಣ್ಣ ಬರಿಸುವ ವಸ್ತುವಿನ ಹೆಸರು ಸೆರುಲೋಪ್ಲಾಸ್ಮಿನ್. ರಕ್ತದಲ್ಲಿರುವ ತಾಮ್ರದ ಬಹುಪಾಲನ್ನು ಹೊತ್ತು ತಿರುಗುವ ಈ ನೀಲಿ ಪ್ರೋಟೀನನ್ನು 1948ರಲ್ಲಿ ಸ್ವೀಡನ್ನಿನವರೇ ಆದ ಹೋಲ್ಮ್‌ಬರ್ಗ್ ಮತ್ತು ಲಾರೆಲ್ ಬೇರ್ಪಡಿಸಿದ್ದರು. ಸುದ್ದಿ ಹಬ್ಬಿದ ವೇಗಕ್ಕೆ ಕಾರಣವಿತ್ತು. 1955ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5.6 ಲಕ್ಷ ಜನರಿದ್ದರು. ಮಗುವಿನ ಮನಸ್ಸು ಕೆಡಲು ತಾಯಿಯ ನಡವಳಿಕೆಯೇ ಕಾರಣ ಎನ್ನುವ ಸಿದ್ಧಾಂತವೂ ಆಗ ಅಲ್ಲಿ ಬಲವಾಗಿತ್ತು. ಎಷ್ಟೋ ತಾಯಂದಿರು ಆ ಆರೋಪವನ್ನು ಹೊತ್ತೇ ಬದುಕಿದರು. ರೋಗ ರಕ್ತದಲ್ಲಿದೆ, ಅದನ್ನು ಅಳೆಯಬಹುದು ಎನ್ನುವ ಮಾತು ಅವರ ಪಾಲಿಗೆ ದೊಡ್ಡ ಬಿಡುಗಡೆಯಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಅದೇ ಹೊತ್ತಿಗೆ ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಹೀತ್ ಇನ್ನೂ ಮುಂದೆ ಹೋಗಿದ್ದರು. ರೋಗಿಗಳ ರಕ್ತದಿಂದ 'ಟರಾಕ್ಸೀನ್' ಎಂಬ ವಸ್ತುವನ್ನು ತೆಗೆದಿದ್ದೇವೆ, ಅದು ಸೆರುಲೋಪ್ಲಾಸ್ಮಿನ್‌ನ ಹತ್ತಿರದ ನಂಟು ಎಂದರು. ಮೊದಲು ಕೋತಿಗಳಿಗೆ, ಆಮೇಲೆ ಲೂಸಿಯಾನದ ಸೆರೆಮನೆಯ ಕೈದಿಗಳಿಗೆ ಅದನ್ನು ಚುಚ್ಚಿ, ಕೆಲಹೊತ್ತು ಸ್ಕಿಜೋಫ್ರೇನಿಯಾದಂಥ ಲಕ್ಷಣಗಳು ಕಂಡವೆಂದು ವರದಿ ಮಾಡಿದರು. ಸೆರೆಯಲ್ಲಿದ್ದವರ 'ಒಪ್ಪಿಗೆ'ಯನ್ನು ಒಪ್ಪಿಗೆಯೆಂದು ಕರೆಯುವುದು ನನಗೆ ಸಾಧ್ಯವಿಲ್ಲ. ಸೇಂಟ್ ಲೂಯಿಸ್‌ನಲ್ಲಿ ಬೇರೆ ವೈದ್ಯರು ಇದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದರು, ಹೀತ್ ಹೇಳಿದ ಫಲಿತಾಂಶ ಸಿಗಲಿಲ್ಲ.

ಆಕರ್‌ಫೆಲ್ಟ್ ಪರೀಕ್ಷೆ ಬಿದ್ದುಹೋದ ಬಗೆ ಇದಕ್ಕಿಂತ ಹೆಚ್ಚು ಪಾಠ ಹೇಳುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಸೀಮೋರ್ ಕೆಟಿ ಮತ್ತು ಅವರ ಸಂಗಡಿಗರು ಕೇಳಿದ ಪ್ರಶ್ನೆ ಸರಳವಾದದ್ದು: ರೋಗಿಗೂ ಆರೋಗ್ಯವಂತನಿಗೂ ರೋಗವೊಂದನ್ನು ಬಿಟ್ಟು ಬೇರೆ ಯಾವ ವ್ಯತ್ಯಾಸವಿದೆ? ವರ್ಷಗಟ್ಟಲೆ ದೊಡ್ಡ ಆಸ್ಪತ್ರೆಯಲ್ಲಿ ಕೊಳೆಯುತ್ತಿದ್ದವರಿಗೆ ಹಣ್ಣು, ಹಸಿ ತರಕಾರಿ ಅಪರೂಪ. ಹಾಗಾಗಿ ರಕ್ತದಲ್ಲಿ ವಿಟಮಿನ್ ಸಿ ಕಡಿಮೆ. ಬಣ್ಣ ಏರುವುದನ್ನು ತಡೆಹಿಡಿಯುವುದು ಅದೇ ವಿಟಮಿನ್. ಅದನ್ನು ಕೊಟ್ಟು ಆಹಾರ ಸರಿಪಡಿಸಿದಾಗ ವ್ಯತ್ಯಾಸ ಕರಗಿತು. ಸೆರುಲೋಪ್ಲಾಸ್ಮಿನ್ ಪ್ರಮಾಣ ಸೋಂಕಿನಲ್ಲಿ, ಉರಿಯೂತದಲ್ಲಿ, ಗರ್ಭಿಣಿಯರಲ್ಲಿಯೂ ಏರುತ್ತದೆ. ಕಿಕ್ಕಿರಿದ ವಾರ್ಡಿನಲ್ಲಿ ಸೋಂಕಿಗೆ ಕೊರತೆಯೇ ಇರಲಿಲ್ಲ. ರೋಗಿಗಳ ಮೂತ್ರದಲ್ಲಿ ಕಂಡ ಕೆಲವು ಆಮ್ಲಗಳನ್ನು ಇದೇ ಸಂಸ್ಥೆಯವರು ಬೆನ್ನುಹತ್ತಿದಾಗ ಅವು ರೋಗದ ಗುರುತಾಗಿರಲಿಲ್ಲ, ಕುಡಿದ ಕಾಫಿಯ ಗುರುತಾಗಿದ್ದವು. 1959ರಲ್ಲಿ 'ಸೈನ್ಸ್'ನಲ್ಲೇ ಎರಡು ಭಾಗಗಳಲ್ಲಿ ಬಂದ ಕೆಟಿಯವರ ವಿಮರ್ಶೆ ಇವೆಲ್ಲವನ್ನೂ ಒಂದೆಡೆ ಇಟ್ಟು ನೋಡಿತು. ನನ್ನ ವಾದ ಇದರಿಂದಲೇ ಹುಟ್ಟುತ್ತದೆ: ಆ ದಶಕದಲ್ಲಿ ರಕ್ತ ಹೇಳಿದ್ದು ಮನೋರೋಗದ ಕಥೆಯನ್ನಲ್ಲ, ಮನೋರೋಗಿಗಳನ್ನು ಸಮಾಜ ಇಟ್ಟುಕೊಂಡಿದ್ದ ಸ್ಥಿತಿಯ ಕಥೆಯನ್ನು. ಓದಿದವರು ಎರಡನ್ನೂ ಒಂದೇ ಎಂದುಕೊಂಡರು.

ಮನೋರೋಗದ ಮೂಲವನ್ನು ದೇಹದ ರಸಾಯನದಲ್ಲಿ ಹುಡುಕುವುದು ಅಷ್ಟಕ್ಕೇ ನಿಲ್ಲಲಿಲ್ಲ. 1968ರಲ್ಲಿ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ 'ಆರ್ಥೋಮಾಲಿಕ್ಯುಲರ್' ಮನೋವೈದ್ಯಕೀಯದ ಹೆಸರಿನಲ್ಲಿ, ದೇಹದಲ್ಲಿ ಇರಬೇಕಾದ ವಸ್ತುಗಳನ್ನು ಸರಿಯಾದ ಪ್ರಮಾಣಕ್ಕೆ ತಂದರೆ ಮನಸ್ಸು ಸರಿಹೋಗುತ್ತದೆ ಎಂದರು. ನ್ಯೂಜೆರ್ಸಿಯ ಕಾರ್ಲ್ ಫೈಫರ್ ತಾಮ್ರದ ಹೆಚ್ಚಳ, ಸತುವಿನ ಕೊರತೆಗಳನ್ನು ಹಿಡಿದು ರೋಗಿಗಳನ್ನು ಗುಂಪು ಮಾಡಿ, ಸತು ಮತ್ತು ಮ್ಯಾಂಗನೀಸ್ ಕೊಡತೊಡಗಿದರು. ಭಾರೀ ಪ್ರಮಾಣದ ವಿಟಮಿನ್ ಚಿಕಿತ್ಸೆಯ ಪ್ರತಿಪಾದನೆಗೆ ಆಧಾರ ಸಾಲದೆಂದು ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ನಿನ ಕಾರ್ಯಪಡೆ 1973ರಲ್ಲಿ ವರದಿ ಕೊಟ್ಟಿತು. ಆದರೂ ಖನಿಜದ ಗುಳಿಗೆಗಳ ಮಾರುಕಟ್ಟೆ ಇವತ್ತಿಗೂ ಬೆಳೆಯುತ್ತಲೇ ಇದೆ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಲೋಹಗಳು ಮನಸ್ಸನ್ನು ನಿಜಕ್ಕೂ ಕೆಡಿಸುತ್ತವೆ. 1912ರಲ್ಲಿ ಲಂಡನ್ನಿನ ಕಿನ್ನಿಯರ್ ವಿಲ್ಸನ್ ವಿವರಿಸಿದ ಕಾಯಿಲೆಯಲ್ಲಿ ತಾಮ್ರ ಯಕೃತ್ತಿನಲ್ಲೂ ಮಿದುಳಿನಲ್ಲೂ ಶೇಖರವಾಗುತ್ತದೆ; ಕೈ ನಡುಗುತ್ತದೆ, ಮಾತು ತೊದಲುತ್ತದೆ, ಕೆಲವರಲ್ಲಿ ಮೊದಲು ಕಾಣುವುದು ಭ್ರಮೆ, ಸಂಶಯ, ವಿಚಿತ್ರ ವರ್ತನೆಗಳೇ. ಚಿಲಿ ದೇಶದ ಆಂಡಕೊಯೊ ಪ್ರದೇಶದ ಗಣಿಗಳಲ್ಲಿ ಮ್ಯಾಂಗನೀಸ್ ದೂಳು ಉಸಿರಾಡಿದವರು ನಗುತ್ತ, ಅಳುತ್ತ, ಇಲ್ಲದ್ದನ್ನು ಕಾಣುತ್ತ ಮತಿಗೆಟ್ಟರು. ಅದಕ್ಕೆ ಅಲ್ಲಿ 'ಮ್ಯಾಂಗನೀಸ್ ಹುಚ್ಚು' ಎಂಬ ಹೆಸರೇ ಇತ್ತು. ಹೀಗಿರುವಾಗ ರಕ್ತದ ತಾಮ್ರ, ಸತುಗಳನ್ನು ಅನುಮಾನಿಸಿದ್ದು ತಪ್ಪೇ? ಅನುಮಾನ ತಪ್ಪಲ್ಲ, ನೋಡಿದ ಜಾಗ ತಪ್ಪು. ವಿಲ್ಸನ್ ಕಾಯಿಲೆಯಲ್ಲಿ ಮಿದುಳು ತಾಮ್ರದಿಂದ ತುಂಬಿರುವಾಗ ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಸಾಮಾನ್ಯವಾಗಿ ಕಡಿಮೆ ಇರುತ್ತದೆ, ಅದರೊಂದಿಗೆ ಒಟ್ಟು ತಾಮ್ರವೂ. ಚಿಲಿಯಲ್ಲಿ ಜಾರ್ಜ್ ಕೊಟ್ಜಿಯಾಸ್ ಮತ್ತು ಇಸ್ಮಾಯೆಲ್ ಮೆನಾ 1960ರ ದಶಕದಲ್ಲಿ ಕಂಡದ್ದು ಇನ್ನೂ ವಿಸ್ಮಯದ ಸಂಗತಿ: ಕಾಯಿಲೆಬಿದ್ದು ಗಣಿ ಬಿಟ್ಟವರಿಗಿಂತ, ಇನ್ನೂ ಗಣಿಯಲ್ಲಿ ದುಡಿಯುತ್ತಿದ್ದ ಗಟ್ಟಿಮುಟ್ಟಾದವರ ಅಂಗಾಂಶಗಳಲ್ಲೇ ಮ್ಯಾಂಗನೀಸ್ ಹೆಚ್ಚಿತ್ತು. ಲೋಹ ಹೊರಟುಹೋಗಿತ್ತು, ಅದು ಮಾಡಿದ ಹಾನಿ ಉಳಿದಿತ್ತು. ಹೀಗಾಗಿ ರಕ್ತದ ಒಂದು ಅಂಕಿ ಕೈಗೆ ಸಿಕ್ಕಿದ ಮಾತ್ರಕ್ಕೆ ಮಿದುಳಿನ ಸುದ್ದಿ ಸಿಕ್ಕಿತೆಂದು ಹೇಳುವಂತಿಲ್ಲ.

ಈಚಿನ ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸ್ಕಿಜೋಫ್ರೇನಿಯಾ ಇರುವವರಲ್ಲಿ ಸರಾಸರಿ ಸತು ಕೊಂಚ ಕಡಿಮೆ, ತಾಮ್ರ ಕೊಂಚ ಹೆಚ್ಚು ಎಂಬ ಫಲಿತಾಂಶ ಬಂದಿದೆ, ಅದು ಸುಳ್ಳಲ್ಲ. ಆದರೆ ದೇಹದಲ್ಲಿ ಉರಿಯೂತವಿದ್ದರೆ ಸತು ಇಳಿಯುತ್ತದೆ, ತಾಮ್ರ ಏರುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲೂ ತಾಮ್ರ ಹೆಚ್ಚು. ಈ ರೋಗವಿರುವವರಲ್ಲಿ ಸೇದುವವರು ಉಳಿದವರಿಗಿಂತ ಬಹಳ ಜಾಸ್ತಿ. ರಕ್ತ ತೆಗೆದದ್ದು ಊಟಕ್ಕೆ ಮೊದಲೋ ಆಮೇಲೋ ಎಂಬುದರಿಂದಲೂ, ರಕ್ತ ಹಿಡಿದ ಟ್ಯೂಬಿನ ರಬ್ಬರ್ ಮುಚ್ಚಳದಿಂದಲೂ ಸತುವಿನ ಲೆಕ್ಕ ತಪ್ಪಬಹುದು. ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಕೆಟಿ ಕೇಳಿದ ಪ್ರಶ್ನೆ ಹಾಗೇ ನಿಂತಿದೆ. ಅದಕ್ಕೆ ಉತ್ತರ ಸಿಗಬಹುದಾದ ಹಾದಿ ವಂಶವಾಹಿಗಳ ಕಡೆಯದು ಎಂದು ನನಗನ್ನಿಸುತ್ತದೆ. ಸತು, ಮ್ಯಾಂಗನೀಸ್‌ಗಳನ್ನು ಜೀವಕೋಶದೊಳಕ್ಕೆ ಸಾಗಿಸುವ 'ಎಸ್‌ಎಲ್‌ಸಿ39ಎ8' ಎಂಬ ವಂಶವಾಹಿಯ ಒಂದು ರೂಪಭೇದಕ್ಕೂ ಸ್ಕಿಜೋಫ್ರೇನಿಯಾದ ಅಪಾಯಕ್ಕೂ ನಂಟು ಸ್ಪಷ್ಟವಾಗಿ ಕಂಡಿದೆ. ಹುಟ್ಟುವಾಗಲೇ ಬಂದ ಗುಣವನ್ನು ಆಸ್ಪತ್ರೆಯ ಊಟವಾಗಲಿ ಸಿಗರೇಟಾಗಲಿ ಬದಲಿಸಲಾರದು. ಈ ಸುಳಿವಿನ ತೂಕ ಇರುವುದು ಅಲ್ಲಿ. ಆದರೂ ಅದೊಂದರಿಂದ ಏರುವ ಅಪಾಯ ಚಿಕ್ಕದು, ಅದನ್ನು ನಂಬಿ ಯಾರಿಗೂ ಗುಳಿಗೆ ಬರೆಯಲಾಗದು.

ತಾಮ್ರದ ಈ ಇತಿಹಾಸದಲ್ಲಿ ರೋಗಿಗೆ ದಕ್ಕಿದ ನಿಜವಾದ ಫಲ ವಿಲ್ಸನ್ ಕಾಯಿಲೆಯ ಚಿಕಿತ್ಸೆ. 1956ರಲ್ಲಿ ಇಂಗ್ಲೆಂಡಿನ ಜಾನ್ ವಾಲ್ಶ್ ಪೆನಿಸಿಲಮೈನ್ ಕೊಟ್ಟು ದೇಹದ ತಾಮ್ರವನ್ನು ಮೂತ್ರದ ಮೂಲಕ ಹೊರಗೆ ಹರಿಸಬಹುದೆಂದು ತೋರಿಸಿದರು; ನಂತರ ಸತುವೂ ಆ ಚಿಕಿತ್ಸೆಯಲ್ಲಿ ಸೇರಿತು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ಕಂಡ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಮನೆಯಲ್ಲಿ ಹದಿಹರೆಯದವರ ವರ್ತನೆ ಕೆಡುವುದರ ಜೊತೆಗೆ ಕೈನಡುಕ, ತೊದಲು, ಜೊಲ್ಲು ಸೋರುವುದು ಅಥವಾ ಕಾಮಾಲೆ ಕಂಡುಬಂದರೆ, ಸೆರುಲೋಪ್ಲಾಸ್ಮಿನ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ತಪ್ಪದೆ ಕೇಳಿ. ಸ್ಕಿಜೋಫ್ರೇನಿಯಾ ಎಂದು ಗೊತ್ತಾಗಿರುವವರ ಮಾತ್ರೆ ಬಿಡಿಸಿ, ಕೂದಲಿನ ಖನಿಜ ಪರೀಕ್ಷೆ ಮಾಡಿಸಿ ಸತುವಿನ ಗುಳಿಗೆ ನುಂಗಿಸುವವರ ಮಾತಿಗೆ ಮಾತ್ರ ದಯವಿಟ್ಟು ಕಿವಿಗೊಡಬೇಡಿ.