ಟಪ್ಪಾಲಿನಿಂದ ವಿಲೇವಾರಿಯವರೆಗೆ

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಪ್ರದೇಶವೂ, ಮರುವರ್ಷ ನಿಜಾಮನಿಂದ ಬಳ್ಳಾರಿ ಸೀಮೆಯೂ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ ಅಲ್ಲಿನ ಕಚೇರಿಗಳ ಬರವಣಿಗೆಯ ರೀತಿಯೂ ಪ್ರಮಾಣವೂ ಬದಲಾದವು. ಕನ್ನಡ ನಾಡಿನಲ್ಲಿ ಲೆಕ್ಕಪತ್ರಗಳಿಗೆ ಬಹುಕಾಲದಿಂದ ಬಳಕೆಯಲ್ಲಿದ್ದುದು ಕಡತ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿದ ಮೇಲೆ ಪದರ ಪದರವಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಈ ಕಪ್ಪು ಪುಸ್ತಕವನ್ನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ವರ್ಣಿಸಿದ್ದಾನೆ. ಬೇಡವಾದ ಬರಹವನ್ನು ಅಳಿಸಿ ಅದೇ ಪದರದ ಮೇಲೆ ಮತ್ತೆ ಬರೆಯಬಹುದಾಗಿದ್ದರಿಂದ ಹಳೆಯ ಬರಹ ರಾಶಿಬೀಳುವ ತೊಂದರೆ ಅದಕ್ಕೆ ಅಷ್ಟಾಗಿ ಇರಲಿಲ್ಲ. ಕಾಗದದ ಸ್ಥಿತಿ ಬೇರೆ. ಕಂದಾಯ ಮಂಡಳಿ ದೂರದ ಮದರಾಸಿನಲ್ಲಿದ್ದುದರಿಂದ ಮಂಗಳೂರಿನ ಅಥವಾ ಬಳ್ಳಾರಿಯ ಕಲೆಕ್ಟರನು ಕೇಳಬೇಕಾದ್ದನ್ನೂ ಹೇಳಬೇಕಾದ್ದನ್ನೂ ಪತ್ರದ ಮೂಲಕವೇ ನಡೆಸಬೇಕಾಗಿತ್ತು; ಪ್ರತಿ ಪತ್ರಕ್ಕೆ ಒಂದು ನಕಲು, ಪ್ರತಿ ಉತ್ತರಕ್ಕೆ ಇನ್ನೊಂದು ಪ್ರಶ್ನೆ ಹುಟ್ಟಿ ಕಾಗದ ಬೆಳೆಯುತ್ತಲೇ ಹೋಯಿತು.

ಈ ರಾಶಿಗೆ ಮದರಾಸು ಪ್ರಾಂತ್ಯ ಕಂಡುಕೊಂಡ ಪರಿಹಾರ, ಐ.ಸಿ.ಎಸ್. ಅಧಿಕಾರಿ ರಿಚರ್ಡ್ ಟಾಟನ್‌ಹ್ಯಾಮ್ ಹೆಸರಿನಲ್ಲಿ 20ನೆಯ ಶತಮಾನದ ಪೂರ್ವಾರ್ಧದಲ್ಲಿ ಜಿಲ್ಲಾ ಕಚೇರಿಗಳಲ್ಲಿ ನೆಲೆಗೊಂಡ ಟಾಟನ್‌ಹ್ಯಾಮ್ ಪದ್ಧತಿ. ಟಪ್ಪಾಲು, ಅಂದರೆ ಆ ದಿನ ಬಂದ ಪತ್ರಗಳ ಕಟ್ಟು, ಬಿಚ್ಚಿದ ಕೂಡಲೇ ಪ್ರತಿ ಪತ್ರಕ್ಕೂ ತಾರೀಖು ಮತ್ತು ಒಂದು ಸಂಖ್ಯೆ ಬೀಳುತ್ತಿತ್ತು. ಆಮೇಲೆ ಅದು ಒಬ್ಬ ಗುಮಾಸ್ತನಿಗೆ, ಒಬ್ಬನಿಗೆ ಮಾತ್ರ, ಸೇರುತ್ತಿತ್ತು. ಅವನ ಮೇಜಿನ ಮೇಲಿದ್ದ ಪರ್ಸನಲ್ ರಿಜಿಸ್ಟರ್ ಎಂಬ ವಹಿಯಲ್ಲಿ ಪತ್ರ ಯಾರಿಂದ ಬಂತು, ವಿಷಯವೇನು, ಯಾರಿಗೆ, ಯಾವಾಗ ಕಳಿಸಲಾಯಿತು, ಮರಳಿ ಬಂದದ್ದು ಯಾವಾಗ, ಕೊನೆಗೆ ಏನಾಯಿತು ಎಂಬುದೆಲ್ಲ ಅಂಕಣವಾರು ನಮೂದಾಗುತ್ತಿತ್ತು. ಕೊನೆಯ ಅಂಕಣ ಖಾಲಿ ಉಳಿದಿರುವವರೆಗೆ ಆ ಪತ್ರ ಬಾಕಿಯೇ, ಮತ್ತು ಬಾಕಿಗಳ ಪಟ್ಟಿ ನಿಯತವಾಗಿ ಮೇಲಧಿಕಾರಿಯ ಮುಂದೆ ಹೋಗುತ್ತಿದ್ದುದರಿಂದ ಮರೆತೆ ಎನ್ನಲು ಆಸ್ಪದವಿರಲಿಲ್ಲ. ಕೆಲವು ತಿಂಗಳು ಯಾವ ಕ್ರಮವೂ ಬೇಡದ ಪ್ರಕರಣಗಳನ್ನು ಕಾಲ್ ಬುಕ್ ಎಂಬ ಬೇರೆ ಪುಸ್ತಕಕ್ಕೆ ವರ್ಗಾಯಿಸಿ, ಮತ್ತೆ ನೋಡಬೇಕಾದ ದಿನವನ್ನು ಅಲ್ಲಿ ಗುರುತಿಸಿಡುತ್ತಿದ್ದರು. ನಿತ್ಯದ ಕೆಲಸದ ನಡುವೆ ಅವು ಅಡ್ಡ ಬರುತ್ತಿರಲಿಲ್ಲ.

ಈ ಪದ್ಧತಿಯ ನಿಜವಾದ ಹಿರಿಮೆ ಇರುವುದು ವಿಲೇವಾರಿಯಲ್ಲಿ. ಪ್ರಕರಣ ಮುಗಿದ ದಿನವೇ ಅದರ ಆಯುಷ್ಯವೂ ತೀರ್ಮಾನವಾಗುತ್ತಿತ್ತು: ‘ಎಲ್. ಡಿಸ್.’ ಎಂದರೆ ಒಂದು ವರ್ಷದ ನಂತರ ನಾಶಪಡಿಸತಕ್ಕದ್ದು, ‘ಡಿ. ಡಿಸ್.’ ಎಂದರೆ 10 ವರ್ಷ ಇಡತಕ್ಕದ್ದು, ‘ಆರ್. ಡಿಸ್.’ ಎಂದರೆ ಶಾಶ್ವತ. ವಿಷಯವನ್ನು ಆಮೂಲಾಗ್ರ ಬಲ್ಲವನೇ, ಅದು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ, ಈ ನಿರ್ಧಾರಕ್ಕೆ ಬರಬೇಕಾಗಿತ್ತು ಎಂಬುದು ಸಣ್ಣ ಸಂಗತಿಯಲ್ಲ. ಹಲವು ವರ್ಷಗಳ ನಂತರ ದಾಖಲೆ ಕೋಣೆಯಲ್ಲಿ ನಿಂತು ಯಾವುದು ಬೇಕು, ಯಾವುದು ಬೇಡ ಎಂದು ಹೊಸಬನೊಬ್ಬ ಆರಿಸಬೇಕಾಗಿ ಬಂದರೆ ಅವನು ಎಲ್ಲವನ್ನೂ ಉಳಿಸುತ್ತಾನೆ, ಇಲ್ಲವೇ ಎಲ್ಲವನ್ನೂ ಕಳೆಯುತ್ತಾನೆ. ಮದರಾಸು ಪ್ರಾಂತ್ಯದಲ್ಲಿದ್ದ ಈ ಜಿಲ್ಲೆಗಳ ಪೈಕಿ 1953ರಲ್ಲಿ ಬಳ್ಳಾರಿಯ ಬಹುಭಾಗವೂ 1956ರಲ್ಲಿ ದಕ್ಷಿಣ ಕನ್ನಡವೂ ಮೈಸೂರು ರಾಜ್ಯಕ್ಕೆ ಸೇರಿದವು. ಇಂದಿನ ಕರ್ನಾಟಕದ ಕಚೇರಿಗಳಲ್ಲಿ ಕಡತಗಳನ್ನು ‘ಎ’ಯಿಂದ ‘ಇ’ವರೆಗಿನ ವರ್ಗಗಳಾಗಿ ವಿಂಗಡಿಸುವ ಕ್ರಮದಲ್ಲಿಯೂ, ‘ಎ’ ಶಾಶ್ವತವಾಗಿ, ‘ಇ’ ಒಂದೇ ವರ್ಷ, ಇದೇ ವಿವೇಕ ಕೆಲಸ ಮಾಡುತ್ತದೆ. ಆಡಳಿತದ ಚರಿತ್ರೆ ಬರೆದವರು ಕಾಯಿದೆಗಳಿಗೂ ಕಲೆಕ್ಟರರಿಗೂ ಕೊಟ್ಟ ಗಮನವನ್ನು ಗುಮಾಸ್ತರ ಈ ದುಡಿಮೆಗೆ ಕೊಡದೆ ಹೋದದ್ದು ಅನ್ಯಾಯವೇ ಸರಿ.

1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದ ಮೇಲೆ ಬೆಳೆದ ಇಮೇಲ್, ಟಪ್ಪಾಲನ್ನು ನೇರವಾಗಿ ಅಧಿಕಾರಿಯ ಮುಂದೆ ತಂದಿಟ್ಟಿತು. ನಡುವೆ ಸಂಖ್ಯೆ ಹಾಕುವ ಕೈ ಇಲ್ಲವಾಯಿತು. ಒಂದೇ ಪತ್ರ ಹತ್ತು ಮಂದಿಗೆ ಹೋಗುವುದರಿಂದ ಉತ್ತರಿಸಬೇಕಾದವರು ಯಾರೆಂಬುದು ಅಸ್ಪಷ್ಟವಾಗುತ್ತದೆ, ಓದಿದ ಪತ್ರ ಮುಗಿದ ಪತ್ರದಂತೆ ಕಾಣುತ್ತದೆ, ಎಷ್ಟು ಕಾಲ ಇಡಬೇಕೆಂದು ಯಾರೂ ತೀರ್ಮಾನಿಸುವುದಿಲ್ಲ. ಕಿಕ್ಕಿರಿದ ಇನ್‌ಬಾಕ್ಸಿನ ಸಂಕಟಕ್ಕೆ ಪತ್ರಗಳ ಸಂಖ್ಯೆಗಿಂತ ಈ ಮೂರು ಕೊರತೆಗಳೇ ಹೆಚ್ಚಿನ ಕಾರಣ. ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ, ಕರ್ನಾಟಕ ಸರ್ಕಾರದ ಕಚೇರಿಗಳಲ್ಲಿಯೂ ಬಳಕೆಯಲ್ಲಿರುವ ಇ-ಆಫೀಸ್ ತಂತ್ರಾಂಶದಲ್ಲಿ ಇಮೇಲ್‌ಗೂ ಸ್ವೀಕೃತಿ ಸಂಖ್ಯೆ ಕೊಟ್ಟು ಕಡತಕ್ಕೆ ಸೇರಿಸುವ ಸೌಲಭ್ಯವಿದ್ದು, ಅದರ ಮೇಲೆ ಟಿಪ್ಪಣಿ ಬರೆದು ಮುಂದಕ್ಕೆ ಕಳಿಸಿದಾಗ ಅದು ಯಾವ ದಿನದಿಂದ ಯಾರ ಬಳಿ ಇದೆ ಎಂಬುದು ಹಳೆಯ ವಹಿಯಲ್ಲಿ ಕಾಣುತ್ತಿದ್ದಂತೆಯೇ ತೆರೆಯ ಮೇಲೆ ಕಾಣುತ್ತದೆ.