ಕೊನೆಗೊಂದು ಎಕ್ಸ್

ಆಂಟನಿ ಕ್ವಿನ್ ಹುಟ್ಟಿದ್ದು 1915ರಲ್ಲಿ, ಮೆಕ್ಸಿಕೊದ ಚಿವಾವಾದಲ್ಲಿ. ‘ವಿವಾ ಜಪಾಟಾ!’ ಚಿತ್ರದ ಅಭಿನಯಕ್ಕೆ ಪೋಷಕ ನಟನ ಆಸ್ಕರ್ ಸಿಕ್ಕಿದ್ದು 1953ರಲ್ಲಿ. ಅದು ಮೆಕ್ಸಿಕೊದ ಕ್ರಾಂತಿಯ ಕತೆ. ಆ ನೆಲದಲ್ಲೇ ಹುಟ್ಟಿದ ಕ್ವಿನ್ ಪಾಲಿಗೆ ಬಂದದ್ದು ನಾಯಕನ ಅಣ್ಣನ ಪಾತ್ರ. ನಾಯಕ ಜಪಾಟಾ ಆದವರು ನೆಬ್ರಾಸ್ಕದಲ್ಲಿ ಹುಟ್ಟಿದ ಮಾರ್ಲನ್ ಬ್ರಾಂಡೊ. ಕ್ವಿನ್ ಬಗ್ಗೆ ಇವತ್ತು ಯಾರಾದರೂ ಸಂಶೋಧನೆಗೆ ಕೂತರೆ ಮೊದಲು ಎದುರಾಗುವುದು ಹೆಸರಿನ ತೊಡಕು. ಪ್ರಶಸ್ತಿ ಬಂದ ಕಾಲಕ್ಕೆ ಕ್ವಿನ್ ‘ಮೆಕ್ಸಿಕನ್’. ಅಮೆರಿಕದ 1980ರ ಜನಗಣತಿಯ ಲೆಕ್ಕದಲ್ಲಿ ‘ಹಿಸ್ಪ್ಯಾನಿಕ್’, ಅಂದರೆ ಸ್ಪ್ಯಾನಿಷ್ ಭಾಷಿಕ ಮೂಲದವರು. 2000ದ ಜನಗಣತಿಯ ನಮೂನೆಯಲ್ಲಿ ಅದರ ಪಕ್ಕಕ್ಕೆ ‘ಲ್ಯಾಟಿನೊ’ ಬಂತು. 2001ರಲ್ಲಿ ಅವರು ತೀರಿಕೊಂಡರು. ಈಗಿನ ಬರಹಗಳಲ್ಲಿ ಅಂಥ ನಟರನ್ನು ಸೇರಿಸುವ ಪಟ್ಟಿಯ ತಲೆಯ ಮೇಲೆ ‘ಲ್ಯಾಟಿನೆಕ್ಸ್’ ಎಂದಿರುತ್ತದೆ. ಆ ಪದ ಕ್ವಿನ್ ಅವರ ಕಿವಿಗೆ ಬಿದ್ದಿರುವ ಸಂಭವ ಬಹಳ ಕಡಿಮೆ.

ಸ್ಪ್ಯಾನಿಷ್ ವ್ಯಾಕರಣವನ್ನು ಸ್ವಲ್ಪ ನೋಡಿದರೆ ಆ ಎಕ್ಸ್ ಯಾಕೆ ಬಂತೆಂದು ತಿಳಿಯುತ್ತದೆ. ಅಲ್ಲಿ ಲ್ಯಾಟಿನ್ ಅಮೆರಿಕ ಮೂಲದ ಗಂಡಸು ‘ಲ್ಯಾಟಿನೊ’, ಹೆಂಗಸು ‘ಲ್ಯಾಟಿನಾ’. ನೂರು ಹೆಂಗಸರ ನಡುವೆ ಒಬ್ಬ ಗಂಡಸು ಬಂದು ನಿಂತರೂ ಇಡೀ ಗುಂಪು ಪುಲ್ಲಿಂಗದ ‘ಲ್ಯಾಟಿನೋಸ್’. ನಮ್ಮಲ್ಲಿ ‘ಕನ್ನಡಿಗ’, ‘ಕನ್ನಡತಿ’ ಎಂಬ ಭೇದವಿದ್ದರೂ ‘ಕನ್ನಡಿಗರು’ ಎಂದ ಕೂಡಲೇ ಎಲ್ಲರೂ ಒಳಗೆ ಬರುತ್ತಾರೆ. ಒಬ್ಬರನ್ನೇ ಕುರಿತು ‘ಅವರು’ ಎಂದರೂ ಗಂಡೋ ಹೆಣ್ಣೋ ಹೇಳಬೇಕಾಗಿಲ್ಲ. ಸ್ಪ್ಯಾನಿಷ್‌ನವರಿಗೆ ಈ ಸೌಕರ್ಯವಿಲ್ಲ. ಹಾಗಾಗಿ 1990ರ ದಶಕದಲ್ಲಿ ಕೆಲವರು ಕೊನೆಯ ಅಕ್ಷರದ ಜಾಗದಲ್ಲಿ ಇಮೇಲ್ ವಿಳಾಸದ ‘ಅಟ್’ ಚಿಹ್ನೆ ಬರೆಯತೊಡಗಿದರು. ಒಳಗೆ ‘ಎ’, ಸುತ್ತಲೂ ‘ಒ’, ಒಂದೇ ಗುರುತಿನಲ್ಲಿ ಹೆಣ್ಣೂ ಗಂಡೂ. ಆದರೆ ತಾವು ಎರಡೂ ಅಲ್ಲ ಎನ್ನುವವರಿಗೆ ಅದರಲ್ಲೂ ಜಾಗವಿರಲಿಲ್ಲ. 2000ದ ನಂತರ ಅಂತರ್ಜಾಲದಲ್ಲಿ, ಹೆಚ್ಚಾಗಿ ಲೈಂಗಿಕ ಅಲ್ಪಸಂಖ್ಯಾತರ ಬರವಣಿಗೆಯಲ್ಲಿ, ಎಕ್ಸ್ ಕಾಣಿಸಿಕೊಂಡಿತು.

ಹತ್ತು ಹನ್ನೆರಡು ವರ್ಷ ಅದು ಅಲ್ಲಿಯೇ ಇತ್ತು. 2016ರ ಜೂನ್ 12ರಂದು ಫ್ಲಾರಿಡಾದ ಆರ್ಲ್ಯಾಂಡೊ ನಗರದ ಪಲ್ಸ್ ನೈಟ್‌ಕ್ಲಬ್‌ನಲ್ಲಿ ಬಂದೂಕುಧಾರಿಯೊಬ್ಬ 49 ಮಂದಿಯನ್ನು ಕೊಂದ. ಅದು ಸಲಿಂಗಿಗಳು ಸೇರುವ ಕ್ಲಬ್, ಅಂದು ‘ಲ್ಯಾಟಿನ್ ನೈಟ್’. ಸತ್ತವರಲ್ಲಿ ಹೆಚ್ಚಿನವರು ಲ್ಯಾಟಿನೊ ಮೂಲದವರು, ಅವರಲ್ಲೂ ಪೋರ್ಟೊ ರಿಕೊದವರು ಬಹಳ. ಸತ್ತವರನ್ನು ನೆನೆಯುವಾಗ ಮೂಲವನ್ನೂ ಲೈಂಗಿಕತೆಯನ್ನೂ ಒಟ್ಟಿಗೆ ಹೇಳುವ ಮಾತೊಂದು ಬೇಕಾಯಿತು, ಈ ಪದ ಆ ಕೆಲಸಕ್ಕೆ ಒದಗಿತು. ಅಲ್ಲಿಂದ ಪತ್ರಿಕೆಗಳಿಗೆ, ವಿಶ್ವವಿದ್ಯಾಲಯಗಳಿಗೆ, ಕಂಪನಿಗಳ ಜಾಹೀರಾತುಗಳಿಗೆ ಹೋಯಿತು. 2018ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿಗೂ ಸೇರಿತು.

ನಿಘಂಟಿಗೆ ಸೇರಿದಷ್ಟು ಸುಲಭವಾಗಿ ನಾಲಿಗೆಗೆ ಸೇರಲಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ಕೇಳಿದಾಗ ಲ್ಯಾಟಿನೊ ವಯಸ್ಕರಲ್ಲಿ ಶೇ 3ರಷ್ಟು ಮಂದಿ ಮಾತ್ರ ತಮ್ಮನ್ನು ಹಾಗೆ ಕರೆದುಕೊಳ್ಳುತ್ತಿದ್ದರು. 18ರಿಂದ 29 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಆ ಪ್ರಮಾಣ ಶೇ 14 ಇತ್ತು. 2023ರಲ್ಲಿ ಮತ್ತೆ ಕೇಳಿದರು. ಪದ ಕೇಳಿದ್ದೇವೆ ಎಂದವರು ಶೇ 47ಕ್ಕೆ ಏರಿದ್ದರು, ಬಳಸುತ್ತೇವೆ ಎಂದವರು ಶೇ 4. ಮ್ಯಾಡ್ರಿಡ್‌ನ ಭಾಷಾ ಅಕಾಡೆಮಿ ಈ ಎಕ್ಸ್ ಸ್ಪ್ಯಾನಿಷ್‌ಗೆ ಸಲ್ಲದೆಂದಿತು. 1929ರಲ್ಲಿ ಹುಟ್ಟಿದ, ಲ್ಯಾಟಿನೊ ಹಕ್ಕುಗಳಿಗಾಗಿ ಹೋರಾಡುತ್ತ ಬಂದ ಲೂಲಾಕ್ ಸಂಸ್ಥೆ 2021ರ ಕೊನೆಯಲ್ಲಿ ತನ್ನ ಪತ್ರವ್ಯವಹಾರದಿಂದ ಅದನ್ನು ಕೈಬಿಟ್ಟಿತು. ಆರ್ಕನ್ಸಾದ ರಿಪಬ್ಲಿಕನ್ ಗವರ್ನರ್ ಸಾರಾ ಹಕಬೀ ಸ್ಯಾಂಡರ್ಸ್ 2023ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ದಿನವೇ ಸರ್ಕಾರಿ ಕಡತಗಳಲ್ಲಿ ಅದನ್ನು ನಿಷೇಧಿಸಿದರು. ಬೇರೆ ಯಾವುದರಲ್ಲೂ ಒಮ್ಮತವಿಲ್ಲದವರು ಈ ಒಂದು ಅಕ್ಷರದ ವಿಷಯದಲ್ಲಿ ಒಂದಾದರು. ಸ್ಪ್ಯಾನಿಷ್ ಮಾತಾಡುವ ಬಾಯಿಗೆ ಹೊಂದುವ ‘ಲ್ಯಾಟಿನೆ’ ಎಂಬ ರೂಪ ಈಗ ಯುವಜನರಲ್ಲಿ ಓಡಾಡುತ್ತಿದೆ. ವಿದ್ಯಾರ್ಥಿಗೆ ‘ಎಸ್ತುದಿಯಾಂತೆ’ ಎನ್ನುವ ಭಾಷೆಗೆ ‘ಎ’ಕಾರದ ಕೊನೆ ಹೊಸದೇನಲ್ಲ.

ಲ್ಯಾಟಿನೆಕ್ಸ್ ಮೇಲಿನ ಮುಖ್ಯ ಆರೋಪ ಅದು ಹೊರಗಿನವರು ಹೇರಿದ ಪದ ಎಂಬುದು. ಆದರೆ ಅದಕ್ಕಿಂತ ಹಿಂದಿನ ಹೆಸರುಗಳಾದರೂ ಮನೆಯಲ್ಲಿ ಹುಟ್ಟಿದವೇ? ಮೆಕ್ಸಿಕೊ ಮೂಲದವರು ಅಮೆರಿಕದ ನೈಋತ್ಯದಲ್ಲಿ, ಪೋರ್ಟೊ ರಿಕೊದವರು ನ್ಯೂಯಾರ್ಕ್‌ನಲ್ಲಿ, ಕ್ಯೂಬಾದವರು ಮಯಾಮಿಯಲ್ಲಿ ತಮ್ಮ ತಮ್ಮ ಹೆಸರಿನಲ್ಲೇ ಇದ್ದರು. ಇವರನ್ನೆಲ್ಲ ಒಂದೇ ಲೆಕ್ಕಕ್ಕೆ ತರಬೇಕೆಂದು ಅಮೆರಿಕದ ಸಂಸತ್ತು 1976ರಲ್ಲಿ ಕಾನೂನು ಮಾಡಿತು, 1980ರ ಗಣತಿಯಲ್ಲಿ ಆ ಪ್ರಶ್ನೆ ಪ್ರತಿ ಮನೆಗೂ ಹೋಯಿತು. ಸಮಾಜಶಾಸ್ತ್ರಜ್ಞೆ ಕ್ರಿಸ್ಟಿನಾ ಮೋರಾ ‘ಮೇಕಿಂಗ್ ಹಿಸ್ಪ್ಯಾನಿಕ್ಸ್’ ಪುಸ್ತಕದಲ್ಲಿ ತೋರಿಸುವಂತೆ, ‘ಹಿಸ್ಪ್ಯಾನಿಕ್’ ಎಂಬ ಹೆಸರನ್ನು ನೆಲೆಗೊಳಿಸಿದವರು ಮೂವರು: ಚಳವಳಿಯವರು, ಗಣತಿ ಇಲಾಖೆಯವರು, ಟಿವಿಯವರು. ಮುಂದೆ ಯೂನಿವಿಷನ್ ಆದ ಸ್ಪ್ಯಾನಿಷ್ ವಾಹಿನಿಗೆ ಜಾಹೀರಾತುದಾರರ ಮುಂದಿಡಲು ಮೂರು ಚಿಕ್ಕ ಪ್ರೇಕ್ಷಕವರ್ಗಗಳಿಗಿಂತ ಒಂದು ದೊಡ್ಡ ಮಾರುಕಟ್ಟೆ ಬೇಕಿತ್ತು. ಮಾಧ್ಯಮದಲ್ಲಿ ಈ ಜನ ಹೇಗೆ ಕಾಣುತ್ತಾರೆ ಎಂದು ಕೇಳುವ ಮೊದಲು, ಅವರನ್ನು ‘ಈ ಜನ’ ಎಂದು ಒಟ್ಟುಮಾಡಿದ್ದರಲ್ಲಿ ಮಾಧ್ಯಮದ್ದೂ ಪಾಲಿದೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಸಿನಿಮಾದ ಮೊದಲ ಹೆಸರಂತೂ ಬೈಗುಳ. ಮೆಕ್ಸಿಕೊದವರಿಗೆ ‘ಗ್ರೀಸರ್’ ಅನ್ನುತ್ತಿದ್ದರು, ಜಿಡ್ಡು ಮೆತ್ತಿಕೊಂಡವನು ಎಂಬ ಅರ್ಥದಲ್ಲಿ. ಕ್ಯಾಲಿಫೋರ್ನಿಯಾದ 1855ರ ಅಲೆಮಾರಿ ವಿರೋಧಿ ಕಾನೂನಿನಲ್ಲೇ ಆ ಮಾತಿತ್ತು. ಮೂಕಿ ಚಿತ್ರಗಳು ಅದನ್ನು ಶೀರ್ಷಿಕೆಯಲ್ಲೇ ಹಾಕಿಕೊಂಡವು. ಡಿ.ಡಬ್ಲ್ಯು. ಗ್ರಿಫಿತ್ 1908ರಲ್ಲಿ ‘ದಿ ಗ್ರೀಸರ್ಸ್ ಗಾಂಟ್ಲೆಟ್’ ಮಾಡಿದರು. ಕುದುರೆ, ಕತ್ತಿ, ಕಳ್ಳತನ, ಕುಡಿತ ಇಷ್ಟರಲ್ಲೇ ಪಾತ್ರ ಮುಗಿಯುತ್ತಿತ್ತು. ಇದು ಎಷ್ಟಾಯಿತೆಂದರೆ 1922ರಲ್ಲಿ ಮೆಕ್ಸಿಕೊ ಸರ್ಕಾರ ತನ್ನ ಜನರನ್ನು ಹೀಗಳೆಯುವ ಹಾಲಿವುಡ್ ಚಿತ್ರಗಳಿಗೆ ನಿಷೇಧ ಹಾಕಿತು. ಗಲ್ಲಾಪೆಟ್ಟಿಗೆಗೆ ಪೆಟ್ಟು ಬಿದ್ದ ಮೇಲೆ ಶೀರ್ಷಿಕೆಗಳಿಂದ ಆ ಮಾತು ಹಿಂದೆ ಸರಿಯಿತು, ಕಳ್ಳನ ಪಾತ್ರ ಮಾತ್ರ ಉಳಿಯಿತು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಗಾಳಿ ಬದಲಾಯಿತು. ದಕ್ಷಿಣದ ದೇಶಗಳು ಜರ್ಮನಿಯ ಕಡೆ ವಾಲಬಾರದೆಂದು ಅಮೆರಿಕ ಸರ್ಕಾರ 1940ರಲ್ಲಿ ನೆಲ್ಸನ್ ರಾಕ್‌ಫೆಲರ್ ನೇತೃತ್ವದಲ್ಲಿ ಕಚೇರಿಯೊಂದನ್ನೇ ತೆರೆಯಿತು. ಅದರ ಬೆಂಬಲದಿಂದ ಡಿಸ್ನಿ ತಂಡ ದಕ್ಷಿಣ ಅಮೆರಿಕ ಸುತ್ತಿ ಬಂದು ‘ಸಲೂದೋಸ್ ಅಮಿಗೋಸ್’ ತೆಗೆಯಿತು. ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತು ಕುಣಿದ ಕಾರ್ಮೆನ್ ಮಿರಾಂಡಾ ಹೆಸರುವಾಸಿಯಾದದ್ದೂ ಆಗಲೇ. ಪೋರ್ಚುಗಲ್‌ನಲ್ಲಿ ಹುಟ್ಟಿ ಬ್ರೆಜಿಲ್‌ನಲ್ಲಿ ಬೆಳೆದ ಆಕೆ ‘ವೀಕೆಂಡ್ ಇನ್ ಹವಾನಾ’ದಲ್ಲಿ ಕ್ಯೂಬಾದ ಗಾಯಕಿ. ಆಕೆಯ ಭಾಷೆ ಪೋರ್ಚುಗೀಸ್ ಎಂಬುದನ್ನು ಸ್ಟುಡಿಯೊ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಈ ಕಾಲದ ಆಸುಪಾಸಿನಲ್ಲಿ ತದ್ವಿರುದ್ಧವಾದ ಇನ್ನೊಂದು ಕೆಲಸವೂ ನಡೆದಿತ್ತು, ಮೂಲವನ್ನು ಅಳಿಸುವುದು. ಮಾರ್ಗರೀಟಾ ಕಾನ್ಸೀನೊ ಕೂದಲಿನ ಬಣ್ಣ ಬದಲಿಸಿ, ಹಣೆಯ ಮೇಲಿನ ಕೂದಲ ಸಾಲನ್ನು ತೆಗೆಸಿ ರೀಟಾ ಹೇವರ್ತ್ ಆದರು. ಹಾಡುಗಾರ ರಿಚರ್ಡ್ ವಾಲೆನ್ಸ್ವೆಲಾನ ಹೆಸರನ್ನು ಧ್ವನಿಮುದ್ರಿಕೆಯ ನಿರ್ಮಾಪಕರು ರಿಚೀ ವ್ಯಾಲೆನ್ಸ್ ಎಂದು ಕತ್ತರಿಸಿದರು. 1987ರಲ್ಲಿ ಲೂಯಿಸ್ ವಾಲ್ಡೆಜ್ ಅವನ ಕತೆಯನ್ನು ‘ಲಾ ಬಾಂಬಾ’ ಎಂದು ತೆರೆಗೆ ತಂದರು. ಬೈಗುಳವಾಗಿದ್ದ ‘ಚಿಕಾನೊ’ ಎಂಬ ಮಾತನ್ನು 1960ರ ದಶಕದಲ್ಲಿ ಎದೆ ತಟ್ಟಿ ಹೇಳಿಕೊಂಡ ತಲೆಮಾರಿನವರು ವಾಲ್ಡೆಜ್. ಅವರ ಚಿತ್ರದಲ್ಲೂ ರಿಚೀ ಆದದ್ದು ಫಿಲಿಪೀನ್ಸ್ ಮೂಲದ ತಾಯಿಯ ಮಗ ಲೂ ಡೈಮಂಡ್ ಫಿಲಿಪ್ಸ್.

ಈ ಎಲ್ಲ ಹೆಸರುಗಳನ್ನು ಒಂದೆಡೆ ನಿಲ್ಲಿಸಿ ನೋಡಲು ‘ವೆಸ್ಟ್ ಸೈಡ್ ಸ್ಟೋರಿ’ ಒಂದೇ ಸಾಕು. 1961ರ ಚಿತ್ರದಲ್ಲಿ ಪೋರ್ಟೊ ರಿಕೊದ ಮರಿಯಾ ಆಗಿ ನಟಿಸಿದ್ದು ರಷ್ಯನ್ ವಲಸಿಗರ ಮಗಳು ನಟಾಲಿ ವುಡ್, ಆಕೆಯ ಅಣ್ಣನಾಗಿ ಗ್ರೀಕ್ ಮೂಲದ ಜಾರ್ಜ್ ಚಕಿರಿಸ್. ನಿಜವಾಗಿ ಪೋರ್ಟೊ ರಿಕೊದಲ್ಲಿ ಹುಟ್ಟಿದ್ದ ರೀಟಾ ಮೊರೆನೊಗೂ ಉಳಿದವರಂತೆ ಕಂದು ಮೇಕಪ್ ಬಳಿದರು. ಅನೀಟಾ ಪಾತ್ರಕ್ಕೆ ಅವರಿಗೆ ಆಸ್ಕರ್ ಬಂತು. ಅದಾದ ಮೇಲೆ ಬಂದದ್ದೆಲ್ಲ ಅದೇ ಬಗೆಯ ಗ್ಯಾಂಗಿನ ಕತೆಗಳು. ಹಾಗಾಗಿ ಹಲವು ವರ್ಷ ಸಿನಿಮಾದಿಂದ ದೂರವಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. 2021ರಲ್ಲಿ ಸ್ಪೀಲ್‌ಬರ್ಗ್ ಮತ್ತೆ ಮಾಡಿದಾಗ ಅದೇ ಅನೀಟಾ ಪಾತ್ರಕ್ಕೆ ಅರಿಯಾನಾ ಡಿಬೋಸ್ ಆಸ್ಕರ್ ಪಡೆದರು. ವೇದಿಕೆಯಲ್ಲಿ ನಿಂತು ತಾನು ಕ್ವಿಯರ್ ಎಂದೂ ‘ಆಫ್ರೋ ಲ್ಯಾಟಿನಾ’ ಎಂದೂ ಹೇಳಿಕೊಂಡರು. ಲ್ಯಾಟಿನೆಕ್ಸ್ ಹುಟ್ಟಿದ್ದು ಇಂಥ ಸಮುದಾಯದಲ್ಲೇ. ಆದರೂ ಡಿಬೋಸ್ ಆರಿಸಿಕೊಂಡದ್ದು ಹೆಣ್ಣೆಂದು ಸಾರುವ ಹಳೆಯ ಕೊನೆಯಕ್ಷರವನ್ನು, ಅದರ ಮುಂದೆ ಸೇರಿಸಿದ್ದು ತನ್ನ ಕಪ್ಪು ಬಣ್ಣದ ಗುರುತನ್ನು. ಅದೇ 2021ರಲ್ಲಿ ‘ಇನ್ ದಿ ಹೈಟ್ಸ್’ ಬಂದಾಗ ಕಪ್ಪು ಲ್ಯಾಟಿನೊಗಳು ಮುಖ್ಯ ಪಾತ್ರಗಳಲ್ಲಿ ಎಲ್ಲಿ ಎಂದು ಪ್ರೇಕ್ಷಕರು ಕೇಳಿದರು, ಅದರ ಮೂಲ ಸಂಗೀತ ನಾಟಕದ ಕರ್ತೃ ಲಿನ್-ಮ್ಯಾನುಯೆಲ್ ಮಿರಾಂಡಾ ಕ್ಷಮೆ ಕೇಳಿದರು. ಕೊನೆಗೆ ಎಕ್ಸ್ ಹಾಕಿದ ಮಾತ್ರಕ್ಕೆ ಬಣ್ಣದ ಪ್ರಶ್ನೆ ತೀರುವುದಿಲ್ಲ.

ಸಂಶೋಧಕರಿಗೆ ಇದರಿಂದ ಸಿಗುವ ಪಾಠ ತೀರ ವ್ಯಾವಹಾರಿಕವಾದದ್ದು. ರೋಸಾ ಲಿಂಡಾ ಫ್ರೆಗೋಸೊ 1993ರಲ್ಲಿ ಬರೆದ ‘ದಿ ಬ್ರಾಂಜ್ ಸ್ಕ್ರೀನ್’ ಪುಸ್ತಕದ ಉಪಶೀರ್ಷಿಕೆಯಲ್ಲಿ ಇರುವುದು ಚಿಕಾನಾ ಮತ್ತು ಚಿಕಾನೊ. ದರೋಡೆಕೋರ, ಬೀದಿಹೆಣ್ಣು, ವಿದೂಷಕ, ವಿದೂಷಕಿ, ರಸಿಕ ಪ್ರೇಮಿ, ನಿಗೂಢ ಸುಂದರಿ ಎಂದು ಹಾಲಿವುಡ್‌ನ ಆರು ಅಚ್ಚುಗಳನ್ನು ವಿಂಗಡಿಸಿದ ಚಾರ್ಲ್ಸ್ ರಾಮಿರೆಜ್ ಬರ್ಗ್ 2002ರಲ್ಲಿ ಕೊಟ್ಟ ಹೆಸರು ‘ಲ್ಯಾಟಿನೊ ಇಮೇಜಸ್ ಇನ್ ಫಿಲ್ಮ್’. ಫ್ರೆಡೆರಿಕ್ ಲೂಯಿಸ್ ಅಲ್ಡಾಮಾ ಸಂಪಾದಿಸಿದ 2019ರ ಸಂಕಲನದ ಶೀರ್ಷಿಕೆಯಲ್ಲಿ ಲ್ಯಾಟಿನೆಕ್ಸ್. ಲೈಬ್ರರಿ ಆಫ್ ಕಾಂಗ್ರೆಸ್‌ನ ವಿಷಯಸೂಚಿಯಲ್ಲಿ ‘ಹಿಸ್ಪ್ಯಾನಿಕ್ ಅಮೆರಿಕನ್ಸ್ ಇನ್ ಮೋಷನ್ ಪಿಕ್ಚರ್ಸ್’ ಎಂಬ ಶೀರ್ಷಿಕೆಯಿದೆ, ಮೆಕ್ಸಿಕನ್ ಅಮೆರಿಕನ್ನರಿಗೆ ಬೇರೆಯೇ ಇದೆ. ಹೊಸ ಪದವೊಂದನ್ನೇ ಹಿಡಿದು ಹುಡುಕಿದವರಿಗೆ ಕಳೆದ ಹತ್ತು ವರ್ಷದ ಆಚೆ ಏನೂ ನಡೆದೇ ಇಲ್ಲವೆಂಬಂತೆ ಕಾಣುತ್ತದೆ. ಹಳೆಯ ಪತ್ರಿಕೆಗಳ ಕಡತಕ್ಕೆ ಇಳಿಯುವವರು ಅಂದಿನ ಬೈಗುಳವನ್ನೂ ಬೆರಳಚ್ಚಿಸಬೇಕಾಗುತ್ತದೆ, ಅವಮಾನ ದಾಖಲಾಗಿರುವುದು ಆ ಹೆಸರಿನಲ್ಲೇ.

ಇನ್ನು ಎಣಿಕೆ. 2007ರಿಂದ 2018ರವರೆಗಿನ 1,200 ಜನಪ್ರಿಯ ಚಿತ್ರಗಳನ್ನು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆ್ಯನನ್‌ಬರ್ಗ್ ತಂಡ ಪರೀಕ್ಷಿಸಿತು. ಮುಖ್ಯ ಪಾತ್ರದಲ್ಲಿ ಲ್ಯಾಟಿನೊ ಕಲಾವಿದರಿದ್ದದ್ದು ಶೇ 3ರಷ್ಟು ಚಿತ್ರಗಳಲ್ಲಿ. ಮಾತಿರುವ ಪಾತ್ರಗಳಲ್ಲಿ ಅವರ ಪಾಲು ಶೇ 4.5. 2020ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಅವರು ಶೇ 18.7, ಅಂದರೆ 6.21 ಕೋಟಿ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ 2021ರಲ್ಲಿ ಕೊಟ್ಟ ವರದಿ ಪ್ರಕಾರ, 2019ರಲ್ಲಿ ಮಾಧ್ಯಮ ಉದ್ಯಮದ ನೌಕರರಲ್ಲಿ ಅವರ ಪಾಲು ಶೇ 12, ಉಳಿದ ಉದ್ಯಮಗಳಲ್ಲಿ ಶೇ 18.

ಯಾರನ್ನು ಎಣಿಸುತ್ತಿದ್ದೇವೆ ಎಂಬುದನ್ನೂ ಕೇಳಲೇಬೇಕು. 2014ರಿಂದ 2019ರ ನಡುವಿನ ಆರು ಆಸ್ಕರ್ ಸಮಾರಂಭಗಳಲ್ಲಿ ಐದು ಸಲ ನಿರ್ದೇಶನದ ಪ್ರಶಸ್ತಿ ಕ್ವಾರೊನ್, ಇನ್ಯಾರಿಟು, ಡೆಲ್ ಟೊರೊ ಈ ಮೂವರ ಪಾಲಾಯಿತು. ಮೂವರೂ ಮೆಕ್ಸಿಕೊದಲ್ಲೇ ಹುಟ್ಟಿ ಬೆಳೆದು ಹೆಸರು ಮಾಡಿದವರು. ಅವರ ಗೆಲುವಿನಿಂದ ಪೂರ್ವ ಲಾಸ್ ಏಂಜಲೀಸ್‌ನಲ್ಲಿ ಬೆಳೆದ ಮೆಕ್ಸಿಕನ್ ಅಮೆರಿಕನ್ ಹುಡುಗಿಗೆ ಅವಕಾಶ ಸಿಕ್ಕಿತೆಂದು ಹೇಳಲಾಗದು. ಡೊಮಿನಿಕನ್ ಮೂಲದ ಜೋಯಿ ಸಾಲ್ಡಾನಾ ‘ಅವತಾರ್’ನಲ್ಲಿ ನೀಲಿ ಮೈಯವಳು, ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಯಲ್ಲಿ ಹಸಿರು ಮೈಯವಳು. ಇಲ್ಲಿ ನಟಿಯನ್ನು ಎಣಿಸಬೇಕೋ ಪಾತ್ರವನ್ನೋ? ಸಾಲ್ಡಾನಾಗೆ 2025ರಲ್ಲಿ ಆಸ್ಕರ್ ತಂದ ‘ಎಮಿಲಿಯಾ ಪೆರೆಜ್’ ಮೆಕ್ಸಿಕೊದ ಕತೆ, ನಿರ್ದೇಶಕ ಫ್ರೆಂಚ್, ಚಿತ್ರೀಕರಣ ಹೆಚ್ಚಿನದು ಪ್ಯಾರಿಸ್ ಬಳಿಯ ಸ್ಟುಡಿಯೊದಲ್ಲಿ, ಶೀರ್ಷಿಕೆಯ ಪಾತ್ರದಲ್ಲಿ ಸ್ಪೇನ್‌ನ ಟ್ರಾನ್ಸ್ ನಟಿ. ಮೆಕ್ಸಿಕೊದ ಪ್ರೇಕ್ಷಕರು ಇದು ನಮ್ಮ ಕತೆಯೇ ಅಲ್ಲ ಎಂದು ಸಿಟ್ಟಾದರು. ಲ್ಯಾಟಿನೆಕ್ಸ್ ಎಂಬ ಒಂದೇ ಶೀರ್ಷಿಕೆಯಡಿ ಇದನ್ನೆಲ್ಲ ತುಂಬಿದರೆ ಅಂಕಿಗಳು ಚೆನ್ನಾಗಿ ಕಾಣಬಹುದು, ನಿಜಸ್ಥಿತಿ ಕಾಣುವುದಿಲ್ಲ.

ಹಾಗಾದರೆ ಈ ಪದವನ್ನು ಬಿಡಬೇಕೇ? ಬೇಕಿಲ್ಲ. ತಮ್ಮನ್ನು ಹಾಗೆ ಕರೆದುಕೊಳ್ಳುವವರು ನೂರಕ್ಕೆ ನಾಲ್ವರೇ ಇರಲಿ, ಅವರನ್ನು ಹಾಗೆಯೇ ಕರೆಯುವುದು ಮರ್ಯಾದೆ. ಉಳಿದ ತೊಂಬತ್ತಾರು ಮಂದಿಯ ಮೇಲೆ ಅದನ್ನು ಹೇರದಿರುವುದೂ ಅಷ್ಟೇ ಮರ್ಯಾದೆ. ರೀಟಾ ಮೊರೆನೊ ಬಗ್ಗೆ ಬರೆಯುವಾಗ ಪೋರ್ಟೊ ರಿಕೊ ಎನ್ನಿ, ಕ್ವಿನ್ ಬಗ್ಗೆ ಬರೆಯುವಾಗ ಮೆಕ್ಸಿಕೊ ಎನ್ನಿ. ನಿಖರವಾದ ಊರು ಗೊತ್ತಿರುವಾಗ ದೊಡ್ಡ ಹೆಸರಿನ ಅಗತ್ಯ ಬೀಳುವುದಿಲ್ಲ. ಪೋಸ್ಟರಿನ ಮೇಲೆ ಹೊಸ ಪದ ಅಚ್ಚು ಹಾಕಿಸಲು ಸ್ಟುಡಿಯೊಗೆ ಖರ್ಚಿಲ್ಲ, ಮುಖ್ಯ ಪಾತ್ರವನ್ನು ಒಬ್ಬರ ಕೈಗೆ ಕೊಡಲು ಖರ್ಚಿದೆ, ಅಪಾಯವೂ ಇದೆ. ಹೆಸರು ನೂರು ವರ್ಷದಲ್ಲಿ ಐದಾರು ಸಲ ಬದಲಾಯಿತು, ಹನ್ನೆರಡು ವರ್ಷದ ಚಿತ್ರಗಳನ್ನು ಎಣಿಸಿದಾಗ ಮುಖ್ಯ ಪಾತ್ರ ಸಿಕ್ಕಿದ್ದು ನೂರಕ್ಕೆ ಮೂರರಲ್ಲಿ. ಹಾಲಿವುಡ್ಡನ್ನು ಅಳೆಯಬೇಕಾದದ್ದು ಈ ಎರಡನೆಯ ಲೆಕ್ಕದಿಂದ.