ಗ್ಯಾರಿಓವನ್: ಒಂದು ಐರಿಷ್ ಮಟ್ಟಿನ ಪೂರ್ವೋತ್ತರ

ವೇದಮಂತ್ರವನ್ನು ಪಠಿಸುವುದಕ್ಕೆ ಮೊದಲು ಅದರ ಋಷಿ, ಛಂದಸ್ಸು, ದೇವತೆ, ವಿನಿಯೋಗಗಳನ್ನು ಸ್ಮರಿಸಬೇಕೆಂಬುದು ಪೂರ್ವಿಕರ ವಿಧಿ. ಯಾರಿಂದ ಬಂದಿತು, ಯಾವ ನಡೆಯಲ್ಲಿದೆ, ಯಾರನ್ನು ಕುರಿತದ್ದು, ಯಾವ ಕರ್ಮದಲ್ಲಿ ಬಳಕೆಯಾಗುತ್ತದೆ ಎಂಬ ಈ ನಾಲ್ಕು ಪ್ರಶ್ನೆಗಳು ಲೌಕಿಕವಾದ ಹಾಡುಗಳಿಗೂ ಸಲ್ಲತಕ್ಕವೇ ಸರಿ. ಐರ್ಲೆಂಡ್ ದೇಶದಲ್ಲಿ ಜಿಗ್ ಎಂಬ ಕುಣಿತಕ್ಕೆ ನುಡಿಸುವ ಮಟ್ಟುಗಳಲ್ಲಿ ಪ್ರಸಿದ್ಧವಾದ 'ಗ್ಯಾರಿಓವನ್' ಎಂಬುದನ್ನು ಈ ಕ್ರಮದಿಂದ ಪರಿಶೀಲಿಸಿದರೆ, ಒಂದೇ ಸ್ವರಪಂಕ್ತಿಯು ಎಷ್ಟು ಕೈಗಳನ್ನು ದಾಟಿ ಎಂತೆಂತಹ ಕಾರ್ಯಗಳಿಗೆ ಸಾಧನವಾಯಿತೆಂಬುದು ವಿದಿತವಾಗುತ್ತದೆ.

ಶಾನನ್ ನದೀತೀರದ ಲಿಮರಿಕ್ ಪಟ್ಟಣದಲ್ಲಿ ಗ್ಯಾರಿಓವನ್ ಎಂಬುದೊಂದು ಕೇರಿ. ಐರಿಷ್ ಭಾಷೆಯಲ್ಲಿ ಈ ಹೆಸರಿಗೆ 'ಯೋಹಾನನ ತೋಟ' ಎಂದರ್ಥ. ೧೮ನೆಯ ಶತಮಾನದ ಕೊನೆಯಲ್ಲಿ ಆ ಊರಿನ ಉಳ್ಳವರ ಮನೆಯ ತರುಣ ಪುಂಡರು ತಮ್ಮ ಕುಡಿತವನ್ನೂ, ಕಿಟಕಿ ಒಡೆಯುವ ಶೌರ್ಯವನ್ನೂ, ಸಾಲಕ್ಕಾಗಿ ಬಂದ ಅಮೀನರನ್ನು ಅಟ್ಟಿದ ಸಾಹಸವನ್ನೂ ಈ ಮಟ್ಟಿನಲ್ಲಿ ಹಾಡಿಕೊಳ್ಳುತ್ತಿದ್ದರು. ಆದರೆ ಊರಿನ ಹೆಸರಿದ್ದ ಮಾತ್ರಕ್ಕೆ ಸ್ವರಗಳೂ ಅಲ್ಲಿಯೇ ಜನಿಸಿದವೆಂದು ಸಾಧಿಸಲಾಗದು. ಸ್ಕಾಟ್ಲೆಂಡಿನಲ್ಲಿ ಇದೇ ಮಟ್ಟಿಗೆ 'ಆಲ್ಡ್ ಬೆಸ್ಸಿ', ಎಂದರೆ 'ಮುದುಕಿ ಬೆಸ್ಸಿ', ಎಂಬ ಹೆಸರೂ ಉಂಟು. ಎರಡು ನಾಡುಗಳ ಪಿಟೀಲುಗಾರರು ಕಡಲನ್ನು ದಾಟಿ ಮಟ್ಟುಗಳನ್ನು ಕೊಟ್ಟು ಕೊಳ್ಳುತ್ತಿದ್ದುದರಿಂದ, ರಚಿಸಿದವನ ಹೆಸರು ಉಳಿಯದೆ ನುಡಿಸುವವರ ಪರಂಪರೆಯೇ ಇದರ ಋಷಿಸ್ಥಾನದಲ್ಲಿ ನಿಂತಿದೆ.

ಛಂದಸ್ಸಿನ ವಿಷಯದಲ್ಲಿ ಸಂದೇಹವಿಲ್ಲ. ನಮ್ಮವರು ತಿಶ್ರವೆನ್ನುವ ನಡೆಗೆ ಇದು ಸಮೀಪವಾದದ್ದು. ಪ್ರತಿಯೊಂದು ಆವರ್ತದಲ್ಲಿ ಆರು ಮಾತ್ರೆಗಳು. ಅವು ಮೂರು ಮೂರಾಗಿ ಒಡೆದು ಎರಡು ಪೆಟ್ಟುಗಳಾಗುತ್ತವೆ. ಎಂಟೆಂಟು ಆವರ್ತಗಳ ಎರಡು ಭಾಗಗಳಿದ್ದು, ಒಂದೊಂದನ್ನೂ ಎರಡೆರಡು ಸಲ ನುಡಿಸುವುದು ರೂಢಿ. ಪಿಟೀಲುಗಾರನು ಮೂರರ ಗುಂಪನ್ನು ಗಮಕಗಳಿಂದ ತುಂಬಿ ಹಗುರವಾಗಿ ಒಯ್ದರೆ ಅದು ಕುಣಿತ. ಕೊಳಲೂ ನಗಾರಿಯೂ ಎರಡು ಪೆಟ್ಟುಗಳನ್ನೇ ಎತ್ತಿ ಹಿಡಿದರೆ ಎಡಗಾಲು ಬಲಗಾಲುಗಳಿಗೆ ಸರಿಹೊಂದುವ ದಂಡಿನ ನಡೆ. ಕುಣಿತದ ಅಂಗಳದಿಂದ ರಣರಂಗಕ್ಕೆ ಈ ಮಟ್ಟು ಇಷ್ಟು ಸುಲಭವಾಗಿ ಹೋದುದಕ್ಕೆ ಇದೇ ಕಾರಣ.

ಮಟ್ಟು ಒಂದೇ ಆದರೂ ಅದಕ್ಕೆ ಕೂಡಿದ ಮಾತುಗಳು ಬದಲಾಗುತ್ತ ಬಂದವು. ೧೮೦೦ರಲ್ಲಿ ಇದು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದ ಒಂದು ಮೂಕನಾಟಕದಲ್ಲಿ ಕೇಳಿಸಿತು. ೧೮೦೮ರಲ್ಲಿ ಕವಿ ಥಾಮಸ್ ಮೂರ್ ತನ್ನ 'ಐರಿಷ್ ಮೆಲೊಡೀಸ್' ಎಂಬ ಸಂಪುಟದಲ್ಲಿ ಪುಂಡರ ಮಾತುಗಳನ್ನು ತೊರೆದು, ಇದೇ ಮಟ್ಟಿಗೆ ಐರ್ಲೆಂಡಿನ ಸ್ತ್ರೀಯರ ಪ್ರಶಂಸೆಯನ್ನು ಹೊಂದಿಸಿದನು. ಎಡಿನ್‌ಬರೋ ನಗರದ ಜಾರ್ಜ್ ಥಾಮ್ಸನ್ ಎಂಬ ಪ್ರಕಾಶಕನ ಕೋರಿಕೆಯ ಮೇರೆಗೆ ಮಹಾವಾಗ್ಗೇಯಕಾರ ಬೀಥೋವನ್ ಪಿಯಾನೋ, ಪಿಟೀಲು, ಚೆಲ್ಲೋಗಳ ಹಿಮ್ಮೇಳವನ್ನು ಕೂಡಿಸಿ ಇದಕ್ಕೆ ಎರಡು ರೂಪಗಳನ್ನು ಕೊಟ್ಟನು. ಅವು ೧೮೧೪ ಮತ್ತು ೧೮೧೬ರಲ್ಲಿ ಅಚ್ಚಾದವು. ಅಲ್ಲಿನ ಹಾಡು ಮನೆಯನ್ನು ಬಿಟ್ಟು ಬಹುದೂರ ನಡೆದುಬಂದವಳ ಅಳಲು.

ಇನ್ನು ವಿನಿಯೋಗ. ೧೮೧೧ನೆಯ ಡಿಸೆಂಬರ್ ೩೧ರಂದು ಸ್ಪೇನ್ ದೇಶದ ತರೀಫಾ ಕೋಟೆಯಲ್ಲಿ ಫ್ರೆಂಚರ ಲಗ್ಗೆಯನ್ನು ಹಿಮ್ಮೆಟ್ಟಿಸಿದಾಗ ೮೭ನೆಯ ಐರಿಷ್ ದಳದ ವಾದ್ಯಗಾರರು ನುಡಿಸಿದ್ದು ಗ್ಯಾರಿಓವನ್. ಆ ದಳದ ನಾಯಕ ಹ್ಯೂ ಗಫ್ ಲಿಮರಿಕ್ ಸೀಮೆಯವನೇ. ೧೮೩೭ರಲ್ಲಿ ಮದರಾಸು ಸೈನ್ಯದ ಮೈಸೂರು ವಿಭಾಗಕ್ಕೆ ಅಧಿಪತಿಯಾಗಿ ಬಂದವನೂ ಈತನೇ. ಐರಿಷರು ಅನ್ನವನ್ನರಸಿ ಅಮೆರಿಕಕ್ಕೆ ವಲಸೆಹೋದಾಗ ಮಟ್ಟೂ ಅವರೊಡನೆ ಹೋಯಿತು. ೧೮೬೬ರಲ್ಲಿ ಸ್ಥಾಪಿತವಾದ ೭ನೆಯ ಅಶ್ವದಳದಲ್ಲಿ ಐರಿಷರು ಅನೇಕರಿದ್ದರು. ಅದರ ನಾಯಕ ಕಸ್ಟರನಿಗೆ ಈ ಮಟ್ಟು ಪ್ರಿಯವಾಯಿತು.

೧೮೬೮ನೆಯ ನವೆಂಬರ್ ೨೭ರ ಅರುಣೋದಯದಲ್ಲಿ, ಇಂದಿನ ಓಕ್ಲಹೋಮಾ ಸಂಸ್ಥಾನದ ವಾಷಿಟಾ ನದಿಯ ದಂಡೆಯಲ್ಲಿ, ಶೈಯನ್ ಎಂಬ ಮೂಲನಿವಾಸಿಗಳ ಬೀಡು ಹಿಮದಲ್ಲಿ ನಿದ್ರಿಸುತ್ತಿತ್ತು. ಅವರ ಹಿರಿಯ ಬ್ಲ್ಯಾಕ್ ಕೆಟಲ್ ಹಿಂದಿನ ವರ್ಷವಷ್ಟೇ ಸರ್ಕಾರದೊಡನೆ ಸಂಧಿ ಮಾಡಿಕೊಂಡಿದ್ದವನು. ಕಸ್ಟರನ ದಳ ಅವರ ಮೇಲೆ ಬಿದ್ದಾಗ ದಾಳಿಯ ಸೂಚನೆಯಾಗಿ ನುಡಿಸಿದ್ದು ಗ್ಯಾರಿಓವನ್. ಕೆಲವು ಸ್ವರಗಳು ಮುಗಿಯುವಷ್ಟರಲ್ಲಿ ಚಳಿಗೆ ವಾದ್ಯಗಳು ಹೆಪ್ಪುಗಟ್ಟಿ ನಿಂತವು, ಗುಂಡುಗಳು ನಿಲ್ಲಲಿಲ್ಲ. ಬ್ಲ್ಯಾಕ್ ಕೆಟಲನೂ ಅವನ ಪತ್ನಿಯೂ ಮಡಿದರು. ೧೦೩ ಯೋಧರು ಸತ್ತರೆಂದು ಕಸ್ಟರನು ವರದಿ ಮಾಡಿದನು. ಶೈಯನ್ನರ ಲೆಕ್ಕದಲ್ಲಿ ಸತ್ತ ಗಂಡಸರು ಅದಕ್ಕಿಂತ ಬಹಳ ಕಡಿಮೆ, ಹೆಂಗಸರೂ ಮಕ್ಕಳೂ ಸತ್ತವರಲ್ಲಿದ್ದರು. ೧೮೭೬ನೆಯ ಜೂನ್ ೨೫ರಂದು ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಕಸ್ಟರನೂ ಅವನ ಸಂಗಡ ಹೋದ ಐದು ತುಕಡಿಗಳೂ ನಾಶವಾದಾಗ ಅಲ್ಲಿ ವಾದ್ಯಮೇಳವಿರಲಿಲ್ಲ. ಅದನ್ನು ಹಿಂದಿನ ಬಿಡಾರದಲ್ಲಿಯೇ ಬಿಟ್ಟುಬಂದಿದ್ದರು.

ಮಟ್ಟುಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಋಷಿಯನ್ನೇ ಹುಡುಕುತ್ತಾರೆ. ಐರ್ಲೆಂಡಿನದೋ ಸ್ಕಾಟ್ಲೆಂಡಿನದೋ ಎಂದು ವಾದಿಸುತ್ತಾರೆ. ಸ್ವರಗಳಿಗೆ ಪಾಪಪುಣ್ಯಗಳಿಲ್ಲವೆಂಬುದು ನಿಜ. ಲಿಮರಿಕ್ಕಿನ ಪಿಟೀಲುಗಾರನು ವಾಷಿಟಾ ನದಿಯ ಕೊಲೆಗೆ ಹೊಣೆಯಲ್ಲ. ಆದರೂ ನುಡಿಸಿದವರ ಕಥೆಯನ್ನು ಮಾತ್ರ ಹೇಳಿ, ಆ ಹಿಮದ ಬೆಳಗಿನಲ್ಲಿ ಅದನ್ನು ಕೇಳಿದವರ ಕಥೆಯನ್ನು ಬಿಟ್ಟರೆ ವಿನಿಯೋಗವನ್ನು ಹೇಳದೆ ಮಂತ್ರವನ್ನು ಪಠಿಸಿದಂತಾಗುತ್ತದೆ. ಕುಣಿಯುವವರ ಪಾದಗಳೂ ಓಡಿಹೋದವರ ಪಾದಗಳೂ ಈ ಮಟ್ಟಿನ ಪೂರ್ವೋತ್ತರಕ್ಕೆ ಸೇರಿದವು.